ಚುಕ್ಕಾಣಿಗೂ ಎಂಜಿನ್ನಿಗೂ ನಂಟು

ಚುನಾವಣೆ ಫಲಿತಾಂಶ ಬಂದ ಮರುದಿನ ನಮ್ಮ ಪತ್ರಿಕೆಗಳಲ್ಲಿ ತಪ್ಪದೆ ಕಾಣುವ ಪದ ಒಂದಿದೆ. ಅದು ಚುಕ್ಕಾಣಿ. ಇಂಥವರ ಕೈಗೆ ರಾಜ್ಯದ ಚುಕ್ಕಾಣಿ, ಅಂಥವರ ಕೈತಪ್ಪಿದ ಚುಕ್ಕಾಣಿ! ಜನ್ಮದಲ್ಲಿ ದೋಣಿ ಹತ್ತದವರೂ ಬಳಸುವ ಈ ಪದ ಮೂಲತಃ ಕನ್ನಡದ್ದಲ್ಲ, ಅರಬ್ಬಿಯ 'ಸುಕ್ಕಾನ್'. ಕುದುರೆ, ಖರ್ಜೂರ ತಂದು ಮೆಣಸು ಒಯ್ಯುತ್ತಿದ್ದ ವ್ಯಾಪಾರಿಗಳ ಜೊತೆ ಬಂದು ನಮ್ಮಲ್ಲೇ ಉಳಿದುಬಿಟ್ಟಿದೆ. ತಮಿಳರಲ್ಲೂ ಅದು ಸುಕ್ಕಾನ್, ಮರಾಠಿಯಲ್ಲಿ ಸುಕಾಣೂ. ಊರು ಬಿಟ್ಟು ಮೂವತ್ತು ವರ್ಷ ದಾಟಿದ ನನಗೆ ಘಣಸೋಲಿಯ ಕೋಳಿಗಳ ಬಾಯಲ್ಲಿ ಈ 'ಸುಕಾಣೂ' ಕೇಳಿದಾಗಲೆಲ್ಲ ಊರಿನ ನೆಂಟರೊಬ್ಬರು ಸಿಕ್ಕಷ್ಟು ಖುಷಿ.

ಘಣಸೋಲಿ ಎಂದರೆ ಈಗ ಗಗನಚುಂಬಿ ಕಟ್ಟಡ, ಐಟಿ ಕಂಪನಿ, 2004ರಲ್ಲಿ ಶುರುವಾದ ಠಾಣೆ-ವಾಶಿ ಮಾರ್ಗದ ಲೋಕಲ್ ಸ್ಟೇಷನ್ ಎಂದೇ ಎಲ್ಲರಿಗೂ ಗೊತ್ತು. ಆದರೆ 1970ರಲ್ಲಿ ಸಿಡ್ಕೋ ಹುಟ್ಟಿ ನವಿ ಮುಂಬಯಿ ಕಟ್ಟಲು ಹೊರಡುವ ಮುಂಚೆ ಇದು ಠಾಣೆ ಖಾಡಿಯ ದಂಡೆಯ ಹಳ್ಳಿ. ಮೀನು, ಉಪ್ಪು, ಭತ್ತ ಇಷ್ಟೇ ಬದುಕು. ಖಾಡಿ ಎಂದರೆ ಸಮುದ್ರ ನೆಲದೊಳಗೆ ಚಾಚಿದ ತೋಳು, ನಮ್ಮ ಹಿನ್ನೀರಿನ ಹಾಗೆ. ಖಾಡಿಯ ತುದಿಯಲ್ಲಿರುವ ಠಾಣೆ ಒಂದು ಕಾಲಕ್ಕೆ 'ಶ್ರೀಸ್ಥಾನಕ'. ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದ ಉತ್ತರ ಕೊಂಕಣದ ಶಿಲಾಹಾರರು ಆಳಿದ ಪಟ್ಟಣ. ಬೊರಿವಿಲಿ ಬಳಿಯ ಎಕ್ಸರ್ ಗ್ರಾಮದಲ್ಲಿ ಆ ಕಾಲದ ವೀರಗಲ್ಲುಗಳಿವೆ, ಸಾಲಾಗಿ ಹುಟ್ಟು ಹಾಕುವ ಹಡಗುಗಳ ಯುದ್ಧವನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ವೀರಗಲ್ಲು ಎಂದರೆ ತುರುಗೋಳು ಎಂದುಕೊಂಡ ನಮಗೆ ಅದನ್ನು ನೋಡಿದರೆ ಆಶ್ಚರ್ಯವೇ!

ದೋಣಿಯನ್ನು ತಿರುಗಿಸುವ ವಿದ್ಯೆ ಮೊದಲು ಶುರುವಾದದ್ದು ಹುಟ್ಟಿನಿಂದಲೇ. ಹಿಂಭಾಗದ ಪಕ್ಕದಲ್ಲಿ ಒಂದು ದೊಡ್ಡ ಹುಟ್ಟನ್ನು ಇಳಿಬಿಟ್ಟು ಅದನ್ನು ಓರೆ ಮಾಡುತ್ತಿದ್ದರು. ಅದು ಹೇಗಿತ್ತೆಂದು ಈಗಲೂ ನೋಡಬಹುದು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹಾಯಿಹಡಗು ಇಂಥದೇ. ಅಜಂತಾ ಚಿತ್ರದಲ್ಲಿರುವ ಐದನೇ ಶತಮಾನದ ಹಡಗನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು. ಹಾಯಿಯ ಮೇಲೆ ಗಂಡಭೇರುಂಡ, ತಿರುಗಿಸಲು ಹಳೆಯ ಪದ್ಧತಿಯ ಹುಟ್ಟು. 2026ರ ಜನವರಿಯಲ್ಲಿ ಅದು ಪೋರಬಂದರದಿಂದ ಮಸ್ಕತ್ತಿಗೂ ಹೋಗಿ ಮುಟ್ಟಿತು.

ಪಕ್ಕದ ಹುಟ್ಟು ಹಿಂಬದಿಯ ಮಧ್ಯಕ್ಕೆ ಬಂದು ಚುಕ್ಕಾಣಿಯಾದದ್ದು ಆಮೇಲೆ. ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ವಂಶದ ಕಾಲದ ಮಣ್ಣಿನ ಹಡಗಿನ ಗೊಂಬೆಯಲ್ಲೇ ಇದು ಕಾಣುತ್ತದೆ. ಯೂರೋಪಿನಲ್ಲಿ ಇದರ ಚಿತ್ರ ಸಿಗುವುದು 1180ರ ಸುಮಾರಿಗೆ. ನನಗೆ ತುಂಬ ಹಿಡಿಸಿದ್ದು ಅರಬ್ ಭೂಗೋಳ ಪಂಡಿತ ಅಲ್-ಮುಕದ್ದಸಿ ಹತ್ತನೇ ಶತಮಾನದಲ್ಲಿ ಕೆಂಪು ಸಮುದ್ರದ ಪಯಣದ ಬಗ್ಗೆ ಬರೆದದ್ದು. ನಾಯಕ ಮೇಲೆ ಕುಳಿತು ನೀರೊಳಗಿನ ಬಂಡೆ ನೋಡಿ ಎಡ, ಬಲ ಎಂದು ಕೂಗುತ್ತಾನೆ. ಇಬ್ಬರು ಹುಡುಗರು ಆ ಕೂಗನ್ನು ದಾಟಿಸುತ್ತಾರೆ. ಚುಕ್ಕಾಣಿಗೆ ಕಟ್ಟಿದ ಎರಡು ಹಗ್ಗ ಹಿಡಿದವನು ಅದಕ್ಕೆ ತಕ್ಕಂತೆ ಎಳೆಯುತ್ತಾನೆ. ನೋಡುವ ಕಣ್ಣು ಒಂದು ಕಡೆ, ತಿರುಗುವ ಹಲಗೆ ಇನ್ನೊಂದು ಕಡೆ. ನಡುವೆ ಹಗ್ಗದ ನಂಟು. ಇಂದಿನ ಹಡಗಿನ ಚಕ್ರ, ಕೇಬಲ್, ಎಣ್ಣೆ ಒತ್ತಡದ ಕೊಳವೆ ಎಲ್ಲವೂ ಆ ಎರಡು ಹಗ್ಗಗಳ ಸಂತಾನವೇ.

ಇನ್ನು ಎಂಜಿನ್ನಿನ ಕತೆ. ದೋಣಿಯ ಹಿಂದೆ ತಗುಲಿಸಿ, ಬೇಡವಾದಾಗ ಕಳಚಿ ಹೆಗಲ ಮೇಲೆ ಹೊತ್ತೊಯ್ಯಬಹುದಾದ ಔಟ್‌ಬೋರ್ಡ್ ಎಂಜಿನ್ನನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದವನು ಓಲೆ ಎವಿನ್‌ರೂಡ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದವನು, ನಮ್ಮ ಹಾಗೆ ವಲಸಿಗ! 1909ರಲ್ಲಿ ಅವನು ತಂದ ಎಂಜಿನ್ನಿಗೆ ಇದ್ದದ್ದು ಒಂದೂವರೆ ಅಶ್ವಶಕ್ತಿ. ಕಾಕತಾಳೀಯ ನೋಡಿ, ನಮ್ಮ ಮೀನುಗಾರಿಕೆಗೆ ಎಂಜಿನ್ ಹಚ್ಚಲು ಮುಂದಾದದ್ದೂ ನಾರ್ವೆಯವರೇ. 1952ರ ಒಪ್ಪಂದದಿಂದ ಕೇರಳದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಅವರದು ದೋಣಿಯೊಳಗೇ ಕೂರುವ ಎಂಜಿನ್. ನಮ್ಮ ಕರಾವಳಿಯ ನಾಡದೋಣಿಗಳಿಗೆ ಸೀಮೆಎಣ್ಣೆಯ ಔಟ್‌ಬೋರ್ಡ್ ಹತ್ತಿದ್ದು 1980ರ ದಶಕದಿಂದೀಚೆಗೆ. ಬ್ಯಾಂಕಿನಲ್ಲಿ ಇಂಥ ಸಾಲದ ಕಡತ ಎಷ್ಟೋ ನೋಡಿದ್ದೇನೆ: ದೋಣಿ ಇಷ್ಟು, ಬಲೆ ಇಷ್ಟು, ಎಂಜಿನ್ ಇಷ್ಟು. ಚುಕ್ಕಾಣಿಗೆ ಮಾತ್ರ ಪ್ರತ್ಯೇಕ ಕಾಲಂ ಕಂಡದ್ದಿಲ್ಲ!

ಆದರೆ ತೊಡಕು ಇರುವುದು ಅಲ್ಲೇ. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ಹರಿದಾಗ ಮಾತ್ರ. ನಿಂತ ದೋಣಿಯಲ್ಲಿ ಎಷ್ಟು ತಿರುಗಿಸಿದರೂ ಅದು ಬರೀ ಹಲಗೆ. ಒಳಗೆ ಎಂಜಿನ್ ಇರುವ ದೋಣಿಯಲ್ಲಿ ಫ್ಯಾನು ಸಾಮಾನ್ಯವಾಗಿ ಚುಕ್ಕಾಣಿಯ ಮುಂದಿರುತ್ತದೆ, ಅದು ತಳ್ಳಿದ ನೀರು ನೇರ ಚುಕ್ಕಾಣಿಗೆ ಬಡಿಯುತ್ತದೆ. ಹಾಗಾಗಿ ನಿಧಾನವಾಗಿ ಹೋಗುವಾಗಲೂ ದೋಣಿ ಮಾತು ಕೇಳುತ್ತದೆ. ಹಾಯಿದೋಣಿಗೆ ಔಟ್‌ಬೋರ್ಡ್ ತಗುಲಿಸಿದರೆ ಅದು ಚುಕ್ಕಾಣಿಯ ಪಕ್ಕದಲ್ಲೋ ಹಿಂದೆಯೋ ಇರುತ್ತದೆ. ಅದರ ನೀರು ಚುಕ್ಕಾಣಿಗೆ ಸಿಗುವುದೇ ಇಲ್ಲ. ಎಂಜಿನ್ ನೇರಕ್ಕೆ ತಳ್ಳುತ್ತದೆ, ಚುಕ್ಕಾಣಿ ಪಕ್ಕಕ್ಕೆ ಎಳೆಯುತ್ತದೆ. ಹೊರಗೆ ವೇಗದಲ್ಲಿ ಹೋಗುವಾಗ ಇದು ಗೊತ್ತಾಗುವುದಿಲ್ಲ. ಧಕ್ಕೆಗೆ ಬರುವಾಗ, ಅಳಿವೆಯಲ್ಲಿ ಅಲೆ ಹಿಂದಿನಿಂದ ಎತ್ತಿ ದೋಣಿಯನ್ನು ಅಡ್ಡ ಮಾಡುವಾಗ ಗೊತ್ತಾಗುತ್ತದೆ. ಅಳಿವೆ ಬಾಯಲ್ಲಿ ಅಡ್ಡವಾದ ದೋಣಿ ಎಂದರೇನು ಎಂದು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಪರಿಹಾರ ಸುಲಭ. ಔಟ್‌ಬೋರ್ಡ್ ತಾನೂ ತಿರುಗುತ್ತದಲ್ಲ, ಅದನ್ನು ಚುಕ್ಕಾಣಿಗೆ ಒಂದು ಸರಳಿನಿಂದ ಜೋಡಿಸುವುದು. ಚುಕ್ಕಾಣಿ ತಿರುಗಿದತ್ತ ಎಂಜಿನ್ನೂ ತಿರುಗುತ್ತದೆ. ಎರಡರ ತಿರುಗಣೆಯಿಂದಲೂ ಸಮ ದೂರದಲ್ಲಿ ಸರಳು ಕಟ್ಟಿದರೆ ಎರಡೂ ಸಮನಾಗಿ ತಿರುಗುತ್ತವೆ. ಎಂಜಿನ್ ಕಡೆಯ ದೂರ ಕಡಿಮೆಯಾದರೆ ಎಂಜಿನ್ ಹೆಚ್ಚು ತಿರುಗುತ್ತದೆ. ಸರಳಿನ ತುದಿಯಲ್ಲಿ ಎಲ್ಲ ಕಡೆಗೂ ಬಾಗುವ ಗುಂಡು ಕೀಲು ಬೇಕು, ಎಂಜಿನ್ನಿನ ಬಿಗಿ ತಿರುಪು ಸಡಿಲವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಲ್ಲೇ ಕೀಳಬಹುದಾದ ಒಂದು ಪಿನ್ನು ಬೇಕು. ಹಾಯಿ ಬಿಚ್ಚಿದ ಮೇಲೆ ಎಂಜಿನ್ನನ್ನು ನೀರಿನಿಂದ ಮೇಲೆತ್ತಬೇಕಲ್ಲ, ಆಗ ನಂಟು ಬಿಡಬೇಕು.

ಠಾಣೆ ಖಾಡಿಯ ಕೆಸರು ದಂಡೆಯಲ್ಲಿ ಒಂದು ಭಾನುವಾರ ಇದನ್ನೇ ಹಗ್ಗ ಮತ್ತು ಬಿದಿರಿನಲ್ಲಿ ಮಾಡಿದ್ದ ಕೋಳಿ ಹಿರಿಯರೊಬ್ಬರನ್ನು ಕಂಡೆ. "ಕಾಕಾ, ಇದ್ಯಾಕೆ? ಎಂಜಿನ್ ಹಿಡಿಯೇ ಸಾಲದೇ?" ಎಂದು ಕೇಳಿದೆ. "ಸಾಹೇಬ, ಒಂದು ಕೈ ಸುಕಾಣೂಗೆ, ಒಂದು ಕೈ ಮಶೀನಿಗೆ ಕೊಟ್ಟರೆ ಬಲೆ ಎಳೆಯೋರು ಯಾರು? ಮತ್ತೆ ಮಶೀನು ಕೆಸರು ಕುಡಿದು ನಿಂತರೆ?" ಅಂದರು. ಇಳಿತದ ಹೊತ್ತಿಗೆ ಇಲ್ಲಿ ನೀರು ಹಿಂದೆ ಸರಿದು ಕೆಸರೇ ಕೆಸರು. ಎಂಜಿನ್ ತಣ್ಣಗಿಡಲು ಎಳೆದುಕೊಳ್ಳುವ ನೀರಿನ ಜೊತೆ ಕೆಸರೂ ಹೋಗಿ ಕಟ್ಟಿಕೊಳ್ಳುತ್ತದೆ.

ಅವರ ಎರಡನೇ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಂಡಿತು. ಎಂಜಿನ್ ಬಂದಮೇಲೆ ಎಷ್ಟೋ ಕಡೆ ಚುಕ್ಕಾಣಿಯನ್ನೇ ತೆಗೆದು ಎಂಜಿನ್ನಿನ ಹಿಡಿಯಿಂದಲೇ ತಿರುಗಿಸುವುದು ರೂಢಿಯಾಯಿತು. ಎಂಜಿನ್ ನಿಂತರೆ ಓಟವೂ ಹೋಯಿತು, ದಿಕ್ಕೂ ಹೋಯಿತು. ಜೋಡಿಸಿದವನಿಗೆ ಹಾಗಲ್ಲ. ಪಿನ್ನು ಕಿತ್ತರೆ ಹಳೆಯ ಚುಕ್ಕಾಣಿ ಅಲ್ಲೇ ಇದೆ. ಹರಕು ಹಾಯಿಯೋ ಹುಟ್ಟೋ ದೋಣಿಯನ್ನು ಸ್ವಲ್ಪ ಮುಂದೆ ತಳ್ಳಿದರೆ ಸಾಕು, ಮನೆ ದಿಕ್ಕಿಗೆ ತಿರುಗಬಹುದು. ನಮ್ಮ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗ "ಲಿಂಕ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ನೀವೆಲ್ಲ ಕೇಳಿರುತ್ತೀರಿ. ಆ ದಿನಗಳಲ್ಲಿ ಲೆಡ್ಜರ್ ಬರೆಯಲು ಬಲ್ಲ ಹಳಬರು ಇದ್ದ ಶಾಖೆಯಲ್ಲಿ ಪಿಂಚಣಿಯ ಅಜ್ಜಿ ಬರಿಗೈಯಲ್ಲಿ ವಾಪಸು ಹೋಗುತ್ತಿರಲಿಲ್ಲ. ಹೊಸದು ಬರಲಿ, ಬೇಡ ಅನ್ನುವವರು ಯಾರು? ಹಳೆಯದನ್ನು ಕಿತ್ತು ಅದರ ಜಾಗದಲ್ಲಿ ಕೂರಿಸುವುದು ಬೇರೆ, ಹಳೆಯದಕ್ಕೆ ಜೋಡಿಸಿ ನಡೆಸುವುದು ಬೇರೆ. ಇದು ಆ ಕಾಕಾನ ಬಿದಿರು ಕೋಲಿಗೂ ಗೊತ್ತಿತ್ತು, ಸಾವಿರ ವರ್ಷ ಹಿಂದೆ ಎರಡು ಹಗ್ಗ ಹಿಡಿದು ನಿಂತವನಿಗೂ ಗೊತ್ತಿತ್ತು.