ಹಿತ್ತಲಿನ ಪಾಲುದಾರರು

ಬೆಂಗಳೂರಿನ ತೋಟಗಳ ಚರಿತ್ರೆ ಸಾಮಾನ್ಯವಾಗಿ ಲಾಲ್‌ಬಾಗಿನಿಂದ ಶುರುವಾಗುತ್ತದೆ. 1760ರಲ್ಲಿ ಹೈದರಾಲಿ ತೋಟ ಹಾಕಿಸಿದ್ದು, 1889ರಲ್ಲಿ ಗಾಜಿನಮನೆಗೆ ಅಡಿಗಲ್ಲು ಬಿದ್ದದ್ದು, ಮುಂದೆ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬೀದಿಬೀದಿಗೆ ಹೂಮರ ನೆಡಿಸಿದ್ದು ಎಲ್ಲವೂ ದಾಖಲಾಗಿದೆ. ಆದರೆ ಚಿಟ್ಟೆ, ಸೂರಕ್ಕಿ, ಕಪ್ಪೆ, ಓತಿಕ್ಯಾತಗಳು ಮನೆಮಂದಿಯ ಜೊತೆ ಬಾಳಿದ ಚರಿತ್ರೆ ಬೇಕಿದ್ದರೆ ಹಿತ್ತಲಿಗೇ ಹೋಗಬೇಕು. 1898ರ ಪ್ಲೇಗಿನ ಬಳಿಕ ಪೇಟೆಯ ಇಕ್ಕಟ್ಟು ಬಿಟ್ಟು ಬಂದವರಿಂದ ಮಲ್ಲೇಶ್ವರ, ಬಸವನಗುಡಿಗಳು ತುಂಬಿದವು. ಗಾಳಿ ಬೆಳಕಿಗೆಂದು ಮನೆಯ ಸುತ್ತ ಬಿಟ್ಟ ಜಾಗದಲ್ಲಿ ಹಿತ್ತಲು ಬೆಳೆಯಿತು. ಅದು ಇಷ್ಟೊಂದು ಜೀವಿಗಳಿಗೆ ಒಗ್ಗಿದ್ದಕ್ಕೆ ಅಳತೆಗಿಂತ ಬಳಕೆಯೇ ದೊಡ್ಡ ಕಾರಣ ಎಂಬುದು ನನ್ನ ವಾದ.

ಅಲ್ಲಿದ್ದ ಗಿಡಗಳನ್ನೇ ನೋಡಿ. ಒಗ್ಗರಣೆಗೆ ಕರಿಬೇವು, ಉಪ್ಪಿನಕಾಯಿಗೆ ನಿಂಬೆ, ಶಿವಪೂಜೆಗೆ ಬಿಲ್ವ, ದೇವರ ತಲೆಗೆ ನಂದಿಬಟ್ಟಲು, ಕಣಗಿಲೆ, ರಥಸಪ್ತಮಿಯ ಸ್ನಾನಕ್ಕೆ ಎಕ್ಕದ ಎಲೆ. ಕರಿಬೇವು, ನಿಂಬೆ, ಬಿಲ್ವ ಮೂರರ ಮೇಲೂ ಕಾಮನ್ ಮಾರ್ಮನ್ ಚಿಟ್ಟೆ ಮೊಟ್ಟೆಯಿಡುತ್ತದೆ. ಎಳೆಯ ಹುಳ ಥೇಟ್ ಹಕ್ಕಿಯ ಹಿಕ್ಕೆಯಂತೆ ಎಲೆಯ ಮೇಲೆ ಬಿದ್ದಿರುತ್ತದೆ. ಬಲಿತಾಗ ಹಸಿರಾಗಿ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಕಣಗಿಲೆಯ ಎಲೆಯಡಿ ತೂಗುವ ಕಾಮನ್ ಕ್ರೋ ಚಿಟ್ಟೆಯ ಕೋಶ ಬೆಳ್ಳಿಯಂತೆ ಹೊಳೆಯುತ್ತದೆ. ಎಕ್ಕ ಪ್ಲೇನ್ ಟೈಗರಿನ ಊಟ. ಇತ್ತ ಬಚ್ಚಲ ನೀರು ಹರಿದಲ್ಲಿ ಬಾಳೆ, ಕೆಸು ಬೆಳೆದು ಕಪ್ಪೆಗಳಿಗೆ ತಂಪಾಯಿತು. ಸೌದೆ ಒಟ್ಟಿದ ಮೂಲೆಯಲ್ಲಿ ಹಾವುರಾಣಿ ಸೇರಿಕೊಂಡಿತು, ಗುಡಿಸದೆ ಉಳಿದ ಜೇಡರ ಬಲೆಯಿಂದ ಸೂರಕ್ಕಿ ತನ್ನ ತೂಗುಗೂಡನ್ನು ಬಿಗಿದುಕೊಂಡಿತು. ಇವಕ್ಕೆಂದೇ ಯಾರೂ ಏನನ್ನೂ ನೆಡಲಿಲ್ಲ. ಅದೇ ಹೊತ್ತಿನಲ್ಲಿ ಬಂಗಲೆಗಳ ಮುಂದೆ ಹುಲ್ಲುಹಾಸು, ಕ್ರೋಟನ್ ಕುಂಡಗಳ ಶೋಕಿ ಬಂದಿತ್ತು. ನೋಟಕ್ಕೆ ಅಂದ, ನಿಜ. ಆದರೆ ಕ್ರೋಟನ್ ಎಲೆ ತಿಂದು ಬದುಕುವ ಚಿಟ್ಟೆಯನ್ನು ನಮ್ಮ ಊರಲ್ಲಿ ಹುಡುಕಬೇಕು.

ಹಿತ್ತಲನ್ನು ಹೀಗೆ ಹೊಗಳುವುದರಲ್ಲಿ ಒಂದು ಅನ್ಯಾಯವಿದೆ ಎಂದು ಯಾರಾದರೂ ಹೇಳಿದರೆ ಅವರ ಮಾತು ಸರಿ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು ಇದ್ದದ್ದೇ ಮಲ ಹೊರುವವರು ಮುಂಬಾಗಿಲಿಗೆ ಬಾರದಿರಲಿ ಎಂದು. ಆ ವ್ಯವಸ್ಥೆ ಹೋಗಬೇಕಿತ್ತು. ಅದರೊಂದಿಗೆ ಕರಿಬೇವೂ ಹೋಗಬೇಕಿರಲಿಲ್ಲ. ಹಾವು, ಸೊಳ್ಳೆಗಳ ಭಯದ ಮಾತೂ ಇದೆ. ಸೊಳ್ಳೆ ಹುಟ್ಟುವುದು ನಿಂತ ನೀರಲ್ಲಿ, ಮುಚ್ಚದ ತೊಟ್ಟಿ, ಬಿಸಾಡಿದ ಟೈರುಗಳಲ್ಲಿ. ಗಿಡವಿದ್ದ ಮಾತ್ರಕ್ಕೆ ಅಲ್ಲ. ಹಿತ್ತಲಿಗೆ ಬರುತ್ತಿದ್ದ ಕೇರೆಹಾವಿಗೆ ವಿಷವಿಲ್ಲ, ಅದು ಇಲಿ ಹಿಡಿಯಲು ಬರುವುದು.

ಉಳಿದದ್ದು ಗಟ್ಟಿ ಆಕ್ಷೇಪ: ಆಗ ಸುತ್ತ ಕೆರೆ, ಹೊಲ, ಗುಂಡುತೋಪುಗಳಿದ್ದವು, ಈಗಿನ 30x40 ಸೈಟಿನಲ್ಲಿ ಅಂಗೈಯಗಲ ಮಣ್ಣಿದ್ದರೇನು ಬಂತು? ಗುಂಡುತೋಪು ಕಳೆದುಕೊಂಡ ನಷ್ಟವನ್ನು ಯಾವ ಅಂಗಳವೂ ತುಂಬಲಾರದು. ಕಾಡುಪಾಪಕ್ಕೆ ಕೊಂಬೆಗೆ ಕೊಂಬೆ ತಾಗುವ ಮರಗಳೇ ಬೇಕು. ಕೀಟಗಳ ಲೆಕ್ಕ ಬೇರೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜೀವವಿಜ್ಞಾನಿ ಜೆನಿಫರ್ ಓವೆನ್ 1972ರಿಂದ 30 ವರ್ಷ ತಮ್ಮ ಮನೆಯ ತೋಟವೊಂದನ್ನೇ ಗಮನಿಸಿ 2,673 ಬಗೆಯ ಜೀವಿಗಳನ್ನು ಪಟ್ಟಿ ಮಾಡಿದರು. ತರಕಾರಿ, ಹೂವು, ಹುಲ್ಲು ಬೆಳೆಸಿದ್ದ ಸಾಧಾರಣ ತೋಟವದು. ಕೀಟನಾಶಕ ಮಾತ್ರ ಹೊಡೆಯುತ್ತಿರಲಿಲ್ಲ. ನಮ್ಮ ಹಿತ್ತಲುಗಳಲ್ಲಿ ಅಂಥ ಎಣಿಕೆ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಮಾರ್ಮನ್ ಚಿಟ್ಟೆ ಕುಂಡದ ಕರಿಬೇವಿನ ಮೇಲೂ ಮೊಟ್ಟೆಯಿಡುತ್ತದೆ. ಹುಳ ಕಂಡೊಡನೆ ಔಷಧಿ ಹೊಡೆಯದಿದ್ದರೆ ಅದು ಕೆಲವು ವಾರಗಳಲ್ಲಿ ಚಿಟ್ಟೆಯಾಗಿ ಹಾರುತ್ತದೆ, ಬೋಳಾದ ರೆಂಬೆ ಮತ್ತೆ ಚಿಗುರುತ್ತದೆ. ಅಷ್ಟು ದಿನ ಸಾರಿನ ಒಗ್ಗರಣೆಗೆ ಮಾರ್ಕೆಟ್ಟಿನಿಂದ ಒಂದು ಕಟ್ಟು ತಂದರಾಯಿತು.