ಪೊರೆಯಲ್ಲದ ಕತ್ತಲೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರು ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯುತ್ತಾರೆ. ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟಾಗ, ಅಲುಗಾಡಿಸಿದರೆ ಸಾಕು, ಗಿಟುಕಿನ ಸದ್ದು ಕೇಳುತ್ತದೆ. ಒಡೆಯದೆಯೇ ಒಳಗಿನ ಸ್ಥಿತಿ ತಿಳಿಯುತ್ತದೆ. ಕಣ್ಣಿಗೆ ಅಂಥ ಸದ್ದಿಲ್ಲ. ಜೀವಂತ ಕಣ್ಣಿನ ಒಳಗನ್ನು ಸ್ಪಷ್ಟವಾಗಿ ಕಾಣುವ ಉಪಾಯ ವೈದ್ಯರ ಕೈಗೆ ಬಂದದ್ದೇ 1851ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಲೋಕಕ್ಕೆ ಪರಿಚಯಿಸಿದಾಗ. ಗ್ಲಾಕೋಮಾ ರೋಗದಲ್ಲಿ ದೃಷ್ಟಿನರದ ತುದಿಯು ಬಟ್ಟಲಿನಂತೆ ಕುಳಿಬೀಳುವುದು ಆ ಉಪಕರಣದಿಂದಲೇ ಗೋಚರವಾಯಿತು.

ನಮ್ಮ ನಾಡಿನ ಹಳ್ಳಿಗಳಿಗೆ ನೇತ್ರಚಿಕಿತ್ಸೆ ತಲುಪಿದ್ದು ಬಹುಮಟ್ಟಿಗೆ ಪೊರೆಯ ಶಸ್ತ್ರಚಿಕಿತ್ಸೆಯ ರೂಪದಲ್ಲಿ. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ, ಶಿಬಿರಗಳಲ್ಲಿ ಲಕ್ಷಾಂತರ ಜನರಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಗೇ ಒತ್ತು ನೀಡಿತು. ಅದರಲ್ಲಿ ದೋಷ ಹುಡುಕುವುದು ಅನ್ಯಾಯ. ಪೊರೆ ತೆಗೆದರೆ ದೃಷ್ಟಿ ಮರಳುತ್ತದೆ. ಆದರೆ ಆ ಕಾಲದ ಒಂದು ಮಾತು ಮಾತ್ರ ಇಂದಿಗೂ ಮನೆಗಳಲ್ಲಿ ಉಳಿದಿದೆ: “ಪೊರೆ ಇನ್ನೂ ಬಲಿಯಲಿ, ಆಮೇಲೆ ನೋಡೋಣ.” ಮಂಜಾಗುತ್ತಿರುವ ಕಣ್ಣಿನಲ್ಲಿರುವುದು ಪೊರೆಯಲ್ಲದೆ ಗ್ಲಾಕೋಮಾ ಆಗಿದ್ದರೆ, ಕಾದ ಪ್ರತಿ ತಿಂಗಳೂ ನಷ್ಟವೇ. ಸತ್ತ ನರ ಮತ್ತೆ ಚಿಗುರದು. ಸಾಮಾನ್ಯವಾಗಿ ಮೊದಲು ಕುಂದುವುದು ಪಕ್ಕದ ನೋಟ. ನೋವಿಲ್ಲ, ಎದುರಿನವರ ಮುಖ ಚೆನ್ನಾಗಿಯೇ ಕಾಣುತ್ತದೆ. ತೋಟದ ಬದುವಿನಲ್ಲಿ ಎಡವಿದ ಹಿರಿಯರು ತಮ್ಮ ವಯಸ್ಸನ್ನು ಹಳಿದುಕೊಂಡು ಸುಮ್ಮನಾಗುತ್ತಾರೆ.

ಕೃತಕ ಬುದ್ಧಿಮತ್ತೆ ಪ್ರವೇಶಿಸಿರುವುದು ಈ ಮೌನದೊಳಗೆ. ಮೊದಲ ದೊಡ್ಡ ಪ್ರಯೋಗ ನಡೆದದ್ದು ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿಯ ಮೇಲೆ. ಗೂಗಲ್ ಸಂಶೋಧಕರು 1,28,175 ಚಿತ್ರಗಳಿಂದ ಕಂಪ್ಯೂಟರಿಗೆ ತರಬೇತಿ ನೀಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿತ್ರಗಳನ್ನು ಒದಗಿಸಿದ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಬೆಂಗಳೂರಿನದೇ ಆದ ರೆಮಿಡಿಯೊ ಸಂಸ್ಥೆ ಮೊಬೈಲ್ ಫೋನಿಗೆ ಜೋಡಿಸಿದ ಕ್ಯಾಮೆರಾವನ್ನೂ ಇಂಟರ್ನೆಟ್ ಇಲ್ಲದೆಯೇ ಚಿತ್ರವನ್ನು ಪರಿಶೀಲಿಸುವ ತಂತ್ರಾಂಶವನ್ನೂ ರೂಪಿಸಿತು. ಮಧುಮೇಹದ ತರುವಾಯ ಗ್ಲಾಕೋಮಾಕ್ಕೂ ಅದನ್ನು ವಿಸ್ತರಿಸಿತು. ತಜ್ಞರಿಲ್ಲದ ತಾಲ್ಲೂಕುಗಳಿಗೆ ಇದು ಸಣ್ಣ ಸಂಗತಿಯಲ್ಲ.

ಯಂತ್ರ ಮಾಡುವುದಿಷ್ಟೇ: ವೈದ್ಯರು ಗುರುತು ಹಾಕಿಕೊಟ್ಟ ಸಾವಿರಾರು ಚಿತ್ರಗಳಿಂದ ಕಲಿತು, ಹೊಸ ಚಿತ್ರದಲ್ಲಿ ನರದ ಕುಳಿ ಸಂಶಯಾಸ್ಪದವೋ ಅಲ್ಲವೋ ಎಂದು ಹೇಳುತ್ತದೆ. ಹುಟ್ಟಿನಿಂದಲೇ ದೊಡ್ಡ ಕುಳಿಯಿರುವ ಆರೋಗ್ಯವಂತ ಕಣ್ಣನ್ನೂ ಅದು ಶಂಕಿಸಬಹುದು. ದಟ್ಟವಾದ ಪೊರೆಯಿದ್ದರೆ ಚಿತ್ರವೇ ಮಸುಕಾಗಿ ಸೋಲಬಹುದು. ಕಣ್ಣಿನ ಒತ್ತಡವನ್ನೂ ನೋಟದ ವ್ಯಾಪ್ತಿಯನ್ನೂ ಅಳೆದು ನಿರ್ಣಯಿಸಬೇಕಾದವರು ವೈದ್ಯರೇ. ಚಿಕಿತ್ಸೆಯಲ್ಲಿಯೂ ಹಾಗೆಯೇ. ರೋಗ ಎಷ್ಟು ವೇಗವಾಗಿ ಮುಂದುವರಿಯಬಹುದೆಂದು ಹಳೆಯ ವರದಿಗಳಿಂದ ಅಂದಾಜಿಸುವ ಪ್ರಯತ್ನಗಳು ನಡೆದಿವೆಯಾದರೂ, ದೃಷ್ಟಿಯನ್ನು ಕಾಯುವುದು ಒತ್ತಡ ತಗ್ಗಿಸುವ ಹನಿಮದ್ದು, ಲೇಸರ್ ಅಥವಾ ಶಸ್ತ್ರಚಿಕಿತ್ಸೆ. ಹನಿಮದ್ದನ್ನು ಸಾಮಾನ್ಯವಾಗಿ ಜೀವನಪರ್ಯಂತ ಹಾಕಬೇಕು. ಕೊಬ್ಬರಿಯ ಧಾರಣೆ ಕುಸಿದ ವರ್ಷ ಮನೆಯಲ್ಲಿ ಮೊದಲು ನಿಲ್ಲುವ ಖರ್ಚು, ನೋವೇ ಇಲ್ಲದ ರೋಗದ ಆ ಪುಟ್ಟ ಸೀಸೆಯದಾಗಿರಬಹುದು. ಅದನ್ನು ಯಾವ ಕ್ಯಾಮೆರಾವೂ ಕಾಣದು.

ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಗ್ಲಾಕೋಮಾದ ಸಂಭವ ಹೆಚ್ಚು. ಆದುದರಿಂದ ತಂದೆಯನ್ನು ತಪಾಸಣೆಗೆ ಕರೆದೊಯ್ದ ಮಗನೂ ಮಗಳೂ ಅದೇ ದಿನ ತಮ್ಮ ಕಣ್ಣುಗಳನ್ನೂ ತೋರಿಸಿಕೊಂಡು ಬರುವುದು ಲೇಸು.