ಕೈಯಿಂದ ಪರೀಕ್ಷಿಸಿದ ಜ್ಞಾನ: ಅಲ್-ಜಝರಿ ಮತ್ತು ಅವರ ಯಂತ್ರಗಳು

ಲೋಹವನ್ನು ಕಾಯಿಸಿ ಬಗ್ಗಿಸುವುದು, ಅಳೆದು ಜೋಡಿಸುವುದು ಕೀಳು ಕಸುಬೆಂಬ ಭಾವನೆಗೆ ಇಸ್ಲಾಮಿನಲ್ಲಿ ನೆಲೆಯಿಲ್ಲ. ಅಲ್ಲಾಹನು ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟುದನ್ನೂ, ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಹೆಣೆಯಲು ಆದೇಶಿಸಿದುದನ್ನೂ ಪವಿತ್ರ ಕುರ್‌ಆನಿನ ಸಬಾ ಅಧ್ಯಾಯವು ತಿಳಿಸುತ್ತದೆ. ಹಾಗಿದ್ದರೂ ನಮ್ಮ ಅನೇಕ ಮನೆಗಳಲ್ಲಿ ಪುಸ್ತಕ ಹಿಡಿದ ಮಗನಿಗೆ ಒಂದು ಗೌರವ, ಸ್ಪ್ಯಾನರ್ ಹಿಡಿದ ಮಗನಿಗೆ ಇನ್ನೊಂದು. ಈ ತಾರತಮ್ಯವು ಎಷ್ಟು ಪೊಳ್ಳಾದುದೆಂಬುದನ್ನು ಎಂಟು ಶತಮಾನಗಳ ಹಿಂದಿನ ಒಬ್ಬ ಕುಶಲಕರ್ಮಿಯ ಬದುಕು ತೋರಿಸಿಕೊಡುತ್ತದೆ.

ಟೈಗ್ರಿಸ್ ನದಿಯ ಮೇಲ್ದಂಡೆಯಲ್ಲಿ ಆಮಿದ್ ಎಂಬ ನಗರವಿತ್ತು. ಇಂದು ತುರ್ಕಿಯಲ್ಲಿರುವ ಅದನ್ನು ದಿಯಾರ್‌ಬಕರ್ ಎನ್ನುತ್ತಾರೆ. ಅಲ್ಲಿನ ಅರ್ತುಕೀ ಅರಸರ ಆಸ್ಥಾನದಲ್ಲಿ ಬದೀಉಝ್ಝಮಾನ್ ಇಸ್ಮಾಈಲ್ ಅಲ್-ಜಝರಿಯವರು ಇಪ್ಪತ್ತೈದು ವರ್ಷಗಳ ಕಾಲ ಯಂತ್ರನಿರ್ಮಾಪಕರಾಗಿದ್ದರು. ಅರಸ ನಾಸಿರುದ್ದೀನ್ ಮಹ್ಮೂದರ ಅಪೇಕ್ಷೆಯಂತೆ ತಮ್ಮ ಅನುಭವವನ್ನೆಲ್ಲ ಒಂದು ಗ್ರಂಥವಾಗಿ ಬರೆದು, ಕ್ರಿ.ಶ. 1206ರಲ್ಲಿ ಮುಗಿಸಿದರು. ಅದರಲ್ಲಿ ಐವತ್ತು ಸಾಧನಗಳ ವಿವರಣೆಯಿದೆ: ಗಡಿಯಾರಗಳು, ಪಾನಪಾತ್ರೆಗಳು, ವುಝೂವಿನ ಸಾಧನಗಳು, ಕಾರಂಜಿಗಳು, ನೀರೆತ್ತುವ ಯಂತ್ರಗಳು ಮತ್ತಿತರವು. ವುಝೂ ಮಾಡುವಾಗ ಸೇವಕರು ಕೈಗೆ ನೀರು ಹೊಯ್ಯುವುದು ಅರಸರಿಗೆ ಇಷ್ಟವಾಗುತ್ತಿರಲಿಲ್ಲ. ಅದಕ್ಕಾಗಿಯೇ ತಾನಾಗಿ ನೀರು ಸುರಿಸುವ ಸಾಧನವೊಂದನ್ನು ಅವರು ನಿರ್ಮಿಸಿದರು.

ಈ ಗ್ರಂಥದ ನಿಜವಾದ ಬೆಲೆ ಯಂತ್ರಗಳ ಬೆರಗಿನಲ್ಲಿಲ್ಲ. ಹಿಂದಿನವರ ಗ್ರಂಥಗಳನ್ನು ಗೌರವದಿಂದ ಓದಿದ ಅಲ್-ಜಝರಿಯವರು, ಮಾಡಿ ನೋಡದ ವಿದ್ಯೆಯು ಸತ್ಯ ಮತ್ತು ಸುಳ್ಳಿನ ನಡುವೆ ತೂಗಾಡುತ್ತಿರುತ್ತದೆಂದು ಅರಿತಿದ್ದರು. ಅವರ ನೀರಿನ ಗಡಿಯಾರವು ಇದಕ್ಕೆ ಉತ್ತಮ ನಿದರ್ಶನ.

ಆ ಕಾಲದಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಅವಧಿಯನ್ನು ಹನ್ನೆರಡು ಗಂಟೆಗಳಾಗಿ ವಿಭಾಗಿಸುತ್ತಿದ್ದರು. ಆದುದರಿಂದ ಬೇಸಗೆಯ ಗಂಟೆ ದೀರ್ಘ, ಚಳಿಗಾಲದ ಗಂಟೆ ಹ್ರಸ್ವ. ಗಡಿಯಾರದ ನೀರು ಬೇಸಗೆಯಲ್ಲಿ ನಿಧಾನವಾಗಿಯೂ ಚಳಿಗಾಲದಲ್ಲಿ ವೇಗವಾಗಿಯೂ ಹರಿಯಬೇಕಿತ್ತು. ನೀರಿನ ಮಟ್ಟದಿಂದ ರಂಧ್ರವು ಎಷ್ಟು ಕೆಳಗಿದೆಯೋ ಅದಕ್ಕೆ ತಕ್ಕಂತೆ ಹರಿವಿನ ವೇಗವೂ ಹೆಚ್ಚುತ್ತದೆ. ಆದರೆ ಆಳ ಎರಡು ಪಟ್ಟಾದರೆ ವೇಗ ಎರಡು ಪಟ್ಟಾಗುವುದಿಲ್ಲ. ಆಳ ನಾಲ್ಕು ಪಟ್ಟಾದಾಗ ಮಾತ್ರ ವೇಗ ಇಮ್ಮಡಿಯಾಗುತ್ತದೆ. ಈ ನಿಯಮವನ್ನು ಇಟಲಿಯ ಟೊರಿಚೆಲ್ಲಿ ಪ್ರಕಟಿಸಿದ್ದು 1644ರಲ್ಲಿ. ಅಲ್-ಜಝರಿಯವರ ಬಳಿ ಸೂತ್ರವಿರಲಿಲ್ಲ. ಹಿಂದಿನವರ ಗುರುತುಗಳು ನಿಜವಾದ ಹರಿವಿಗೆ ಹೊಂದುವುದಿಲ್ಲವೆಂದು ಪರೀಕ್ಷೆಯಿಂದ ಕಂಡುಕೊಂಡರು. ಬಳಿಕ ತಿರುಗುವ ತಟ್ಟೆಯೊಂದರ ಅಂಚಿನಲ್ಲಿ ರಂಧ್ರವನ್ನಿಟ್ಟು, ತಾಳ್ಮೆಯಿಂದ ಮತ್ತೆ ಮತ್ತೆ ಅಳೆದು, ಹೊಸ ಗುರುತುಗಳನ್ನು ಕೊರೆದರು. ಪ್ರಸಿದ್ಧರ ಮಾತೆಂಬ ಕಾರಣಕ್ಕೆ ತಪ್ಪನ್ನು ಒಪ್ಪಲಿಲ್ಲ. ತಪ್ಪು ಕಂಡಿತೆಂದು ಅವರನ್ನು ಹೀಗಳೆಯಲೂ ಇಲ್ಲ.

ಮರ ಮತ್ತು ಲೋಹದ ಸ್ವಭಾವವನ್ನೂ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಒಂದೇ ಹಲಗೆಯಿಂದ ಮಾಡಿದ ಭಾಗವು ತೇವಕ್ಕೂ ಬಿಸಿಲಿಗೂ ಡೊಂಕಾಗುತ್ತದೆ. ಆದುದರಿಂದ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿದರು. ದೊಡ್ಡ ಚಕ್ರಗಳ ಒಂದು ಬದಿ ಭಾರವಾಗದಂತೆ ಸಮತೋಲನ ಮಾಡಿದರು. ಮುಚ್ಚಿದ ಪೆಟ್ಟಿಗೆಯೊಳಗೆ ಒದ್ದೆ ಮರಳನ್ನು ಒತ್ತಿ ಅಚ್ಚು ಮಾಡಿ, ಅದರಲ್ಲಿ ಕರಗಿದ ಲೋಹವನ್ನು ಹೊಯ್ದರು. ಕವಾಟದ ಎರಡು ಭಾಗಗಳ ನಡುವೆ ಕುರಂದದ ಪುಡಿಯಿಟ್ಟು ಉಜ್ಜಿ, ನೀರು ಸೋರದಂತೆ ಕೂಡಿಸಿದರು. ನದಿಯ ಹರಿವಿನಿಂದಲೇ ನಡೆಯುವ ಅವರ ಪಂಪಿನಲ್ಲಿ ಎರಡು ಕೊಳವೆಗಳು ಎದುರುಬದುರಾಗಿದ್ದವು. ಒಂದು ನೀರನ್ನು ಹೀರುವಾಗ ಇನ್ನೊಂದು ಮೇಲಕ್ಕೆ ತಳ್ಳುತ್ತಿತ್ತು. ಇಂದಿನ ವರ್ಕ್‌ಶಾಪಿನಲ್ಲಿ ದುಡಿಯುವ ಯಾರಿಗೂ ಈ ಕೆಲಸಗಳು ಅಪರಿಚಿತವಲ್ಲ.

ಜ್ಞಾನವನ್ನು ಸ್ವೀಕರಿಸುವಾಗ ಅವರು ಯಾವ ಗೋಡೆಯನ್ನೂ ಕಟ್ಟಿಕೊಳ್ಳಲಿಲ್ಲ. ಬಗ್ದಾದಿನ ಬನೂ ಮೂಸಾ ಸಹೋದರರಿಂದಲೂ ಗ್ರೀಕರಿಂದಲೂ ಕಲಿತರು. ಅವರ ಪ್ರಸಿದ್ಧ ಆನೆಯ ಗಡಿಯಾರದ ಹೊಟ್ಟೆಯೊಳಗಿದ್ದುದು ತಳದಲ್ಲಿ ಸಣ್ಣ ರಂಧ್ರವಿದ್ದು ಮೆಲ್ಲನೆ ಮುಳುಗುವ ಬಟ್ಟಲು. ನಮ್ಮ ನಾಡಿನ ಹಿರಿಯರು ಗಳಿಗೆ ಬಟ್ಟಲೆಂದು ಕರೆಯುತ್ತಿದ್ದುದೂ ಇದೇ ಬಗೆಯ ಸಾಧನವನ್ನೇ.

ಮತ್ತೊಂದು ಗುಣವನ್ನು ಮರೆಯಲಾಗದು. ತಮ್ಮ ವಿದ್ಯೆಯನ್ನು ಅವರು ಗುಟ್ಟಾಗಿಡಲಿಲ್ಲ. ಮುಂದಿನ ಕುಶಲಕರ್ಮಿಯೂ ಅದನ್ನು ಮಾಡುವಂತಾಗಲೆಂದು ಅಳತೆ, ವಸ್ತು, ವಿಧಾನ ಮತ್ತು ಚಿತ್ರಗಳೊಂದಿಗೆ ಬರೆದಿಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಅವರ ವಿವರಣೆಯನ್ನೇ ಅನುಸರಿಸಿ ಯಂತ್ರಗಳನ್ನು ಮರಳಿ ನಿರ್ಮಿಸಲು ಸಾಧ್ಯವಾದುದು ಈ ಪ್ರಾಮಾಣಿಕತೆಯಿಂದಲೇ.

ಪೂರ್ವಿಕರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಅವರ ದಾರಿಯಲ್ಲಿ ನಡೆಯುವುದೆಂದರೆ ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಒಮ್ಮೆ ಮಾಡಿ ನೋಡುವುದು. ಮಾಡಿ ಬಲ್ಲ ಮೆಕ್ಯಾನಿಕ್ ಅದರ ಕಾರಣವನ್ನೂ ಓದಿ ಅರಿಯುವುದು. ಇಬ್ಬರನ್ನೂ ಮನೆಯವರು ಸಮಾನವಾಗಿ ಕಾಣುವುದು. ಎಣ್ಣೆಯ ಕಲೆ ಹತ್ತಿದ ಕೈಯೂ ಶಾಯಿಯ ಕಲೆ ಹತ್ತಿದ ಕೈಯೂ ಅಲ್-ಜಝರಿಯವರಲ್ಲಿ ಒಂದೇ ಆಗಿದ್ದವು. ನಮ್ಮ ಮಕ್ಕಳ ಕೈಗೆ ಕೌಶಲವನ್ನೂ ಮನಸ್ಸಿಗೆ ಸತ್ಯವನ್ನು ಪರೀಕ್ಷಿಸುವ ತಾಳ್ಮೆಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.